ಹೋಗಿ ಬನ್ನಿ

ಬಿಳಿಕಲ್ಲೂರಿನ ಪುರಭವನದಲ್ಲಿ ಕುರ್ಚಿಗಳು ಒಂದೊಂದಾಗಿ ತುಂಬುತ್ತಿದ್ದವು. ಬಾಗಿಲಿನಿಂದ ಬಂದವರು ಕೆಲವೇ ಮಂದಿ. ಉಳಿದವರಿಗೆ ಬಾಗಿಲಿನ ಹಂಗೇ ಇರಲಿಲ್ಲ. ಖಾಲಿ ಕುರ್ಚಿಯ ಮೇಲೆ ಮೊದಲು ಮಬ್ಬಾಗಿ, ಆಮೇಲೆ ಸ್ಪಷ್ಟವಾಗಿ ಮೂಡಿ ಕೂತುಬಿಡುತ್ತಿದ್ದರು. ಒಬ್ಬ ಮೂಡಿದ ಕೂಡಲೇ ಕೆಮ್ಮಿದ. ಒಬ್ಬಾಕೆ ಪಕ್ಕದವಳನ್ನು ಊಟವಾಯಿತೇ ಎಂದು ವಿಚಾರಿಸಿದಳು.

ಇದು ಸಮ್ಮುಖ ಯಂತ್ರದ ಕೆಲಸ. ಕ್ಷೇತ್ರದ ಪ್ರತಿ ಪಂಚಾಯಿತಿ ಕಚೇರಿಯ ಮುಂದೆ ಒಂದೊಂದು ಬಿಳಿ ಕಂಬ ನೆಟ್ಟಿದ್ದರು. ಅದರೆದುರು ನಿಂತು ಅಹವಾಲು ಹೇಳಿಕೊಂಡರೆ ಕಂಬ ಅವರ ಆಕಾರ, ದನಿ, ಮಾತಿನ ವರಸೆ, ಮನಸ್ಸಿನಲ್ಲಿದ್ದ ಸಂಕಟ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತಿತ್ತು. ಆಮೇಲೆ ಶಾಸಕರ ಸಭೆ ನಡೆದಾಗಲೆಲ್ಲ ಅವರ ಬೆಳಕೊಡಲು, ಅಂದರೆ ಬರೀ ಬೆಳಕಿನಿಂದಾದ ಅವರದೇ ಪಡಿಯಚ್ಚು, ತಾನಾಗಿ ಬಂದು ಕೂತು, ಅವರು ಕೇಳುವ ಹಾಗೆಯೇ ಕೇಳಿ, ಸಿಕ್ಕ ಉತ್ತರವನ್ನು ಅವರ ಫೋನಿಗೆ ಕಳಿಸುತ್ತಿತ್ತು. ಕೂಲಿ ಕಳೆದುಕೊಂಡು, ಬಸ್ಸು ಬದಲಾಯಿಸಿ, ಶಾಸಕರ ಮನೆಯ ಗೇಟಿನ ಮುಂದೆ ಬಿಸಿಲು ಕಾಯುವ ಕರ್ಮ ತಪ್ಪಿತಲ್ಲ ಎಂದು ಜನ ಹಿಗ್ಗಿದ್ದರು. ಹಿಗ್ಗಬೇಕಾದ ವಿಷಯವೇ, ನಾವೇಕೆ ಸುಳ್ಳು ಹೇಳೋಣ! ಬೆಳಕೊಡಲಿಗೂ ಜೀವಂತ ಮನುಷ್ಯರಿಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಒಂದೇ. ತಲೆಯ ಮೇಲೆ ಫ್ಯಾನು ಎಷ್ಟು ಜೋರಾಗಿ ತಿರುಗಿದರೂ ಬೆಳಕೊಡಲಿನ ಕೂದಲಾಗಲಿ ಸೆರಗಾಗಲಿ ಅಲುಗುತ್ತಿರಲಿಲ್ಲ.

ವೇದಿಕೆಯ ಮೇಲಿದ್ದವರು ಶಾಸಕ ನಂಜರಾಜೇಗೌಡರು. ಮೂರು ಸಲ ಗೆದ್ದವರು. ಗೆಲುವಿನ ಗುಟ್ಟೇನೆಂದರೆ ಅವರ ಬಾಯಲ್ಲಿ 'ಆಗಲ್ಲ' ಎಂಬ ಮಾತನ್ನು ಯಾರೂ ಕೇಳಿರಲಿಲ್ಲ. ಯಾರು ಏನು ಕೇಳಿಕೊಂಡು ಬಂದರೂ ಹೆಗಲ ಮೇಲೆ ಕೈಯಿಟ್ಟು, "ಮಾಡ್ಸೋಣ, ಹೋಗಿ ಬನ್ನಿ" ಎನ್ನುವರು. ಆ ಕೈ ಬಿದ್ದರೆ ಸಾಕು, ಅರ್ಧ ಕೆಲಸ ಆದ ಹಾಗೆ ಜನಕ್ಕೆ ಅನ್ನಿಸುತ್ತಿತ್ತು. ಉಳಿದರ್ಧ ಎಲ್ಲಿ ಎಂದು ಕೇಳುವಷ್ಟು ಒರಟರು ಬಿಳಿಕಲ್ಲೂರಿನಲ್ಲಿ ಇರಲಿಲ್ಲ. ಯಂತ್ರ ಬಂದ ಮೇಲೂ ಗೌಡರ ಮಾತು ಬದಲಾಗಲಿಲ್ಲ. ಹೆಗಲು ಮುಟ್ಟಲು ಆಗುತ್ತಿರಲಿಲ್ಲ, ಅಷ್ಟೇ.

"ಬಂಧುಗಳೇ, ಈ ಸಲದ ಬಜೆಟ್ಟಿನಲ್ಲಿ ನಮ್ಮ ಕ್ಷೇತ್ರಕ್ಕೆ ಏನು ಬಂತು, ಯಾವ ಕೆಲಸಕ್ಕೆ ಮೊದಲ ಆದ್ಯತೆ, ಇದನ್ನ ನಿಮ್ಮ ಮುಂದೆ ಒಪ್ಪಿಸೋದು ನನ್ನ ಧರ್ಮ" ಎಂದು ಗೌಡರು ಶುರುಮಾಡಿದರು. ವರ್ತುಲ ರಸ್ತೆ ಬಂದಿತ್ತು. ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಇನ್ನೊಂದು ಮಹಡಿ ಬಂದಿತ್ತು. ಊರ ಬಾಗಿಲಿಗೆ ಕಲ್ಲಿನ ಮಹಾದ್ವಾರವೊಂದು ಮಂಜೂರಾಗಿತ್ತು, ಅದರ ವರ್ಣನೆಗೆ ಗೌಡರು ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಜನ ಚಪ್ಪಾಳೆ ತಟ್ಟಿದರು. ಬೆಳಕೊಡಲುಗಳ ಚಪ್ಪಾಳೆ ಒಂದು ಗಳಿಗೆ ತಡವಾಗಿ, ಗೋಡೆಯ ಕಡೆಯಿಂದ ಕೇಳಿಸಿತು.

ಮೂರನೇ ಸಾಲಿನಲ್ಲಿ ತೆಳ್ಳಗಿನ ಮುದುಕನೊಬ್ಬ ಎದ್ದು ಕೈಮುಗಿದ. ಬಡಗಿ ಕಾಳಾಚಾರಿ. ಊರಿನ ಅರ್ಧ ಮನೆಗಳ ಬಾಗಿಲು ಆತನ ಕೈಯದ್ದೇ.

"ಸ್ವಾಮಿ, ನಮ್ಮ ಆಸ್ಪತ್ರೆಗೆ ಡಯಾಲಿಸಿಸ್ ಮಿಷನ್ನು ಬತ್ತದೆ ಅಂದಿದ್ರಿ. ಈ ಬಜೆಟ್ನಾಗೆ ಬಂತಾ?"

"ಓಹೋ, ಕಾಳಾಚಾರ್ರು! ಆದ್ಯತೇಲಿದೆ. ಮಾಡ್ಸೋಣ, ಹೋಗಿ ಬನ್ನಿ."

"ಯಾವಾಗ ಬರ್ಲಿ ಸ್ವಾಮಿ?"

ಹೆಂಗಸರ ಕಡೆಯಿಂದ ಒಬ್ಬಾಕೆ ದಡಕ್ಕನೆ ಎದ್ದಳು. ಅವಳ ಸೆರಗು ಫ್ಯಾನಿನ ಗಾಳಿಗೆ ಪಟಪಟ ಬಡಿಯುತ್ತಿತ್ತು.

"ಸಾರ್, ನಾನು ಸರ್ವಮಂಗಳ. ಮೈಸೂರಿಂದ ಬಂದಿದ್ದೀನಿ. ಅವರು ನಮ್ಮಪ್ಪ. ಹೋದ ಕಾರ್ತೀಕದಲ್ಲೇ ತೀರ್ಕೊಂಡ್ರು." ಅವಳು ಫೋನೊಂದನ್ನು ಎತ್ತಿ ತೋರಿಸಿದಳು. "ಅವರ ಫೋನಿಗೆ ಈಗಲೂ ಸಭೆಗೆ ಬನ್ನಿ, ಸಭೆಗೆ ಬನ್ನಿ ಅಂತ ಮೆಸೇಜು ಬರ್ತಾನೇ ಇದೆ. ಯಾಕೆ ಅಂತ ಕೇಳೋಣ ಅಂತ ಬಂದೆ."

ಸಭಾಂಗಣದಲ್ಲಿ ಒಬ್ಬೊಬ್ಬರೂ ಮೆಲ್ಲಗೆ ಪಕ್ಕದವರತ್ತ ತಿರುಗಿದರು. ಸೆರಗು ಅಲುಗುತ್ತಿದೆಯೇ? ಅಲುಗದಿದ್ದರೆ, ಈಕೆ ಮನೆಯಲ್ಲಿ ಜೀವಂತ ಇದ್ದಾಳೆಯೇ, ಇಲ್ಲವೇ? ಇಷ್ಟು ಹೊತ್ತು ಮೊಮ್ಮಗಳ ಮದುವೆಯ ಸುದ್ದಿ ಹೇಳುತ್ತಿದ್ದ ಒಬ್ಬ ಅಜ್ಜಿ, ಪಕ್ಕದ ಗೆಳತಿಯ ಕೈ ಹಿಡಿಯಲು ಹೋಗಿ, ಕೈ ಕುರ್ಚಿಗೆ ತಾಗಿದ್ದೇ "ಅಯ್ಯೋ ನನ್ನವ್ವಾ!" ಎಂದು ಚೀರಿದಳು. ಗೆಳತಿ ಮಾತ್ರ ಹಾಗೆಯೇ ನಗುತ್ತ, ಮುಂದೇನಾಯಿತು ಹೇಳು ಎಂಬಂತೆ ನೋಡುತ್ತಿದ್ದಳು.

ಗೌಡರು ಬೆವರೊರೆಸಿಕೊಳ್ಳುತ್ತ ವೇದಿಕೆಯ ಹಿಂದಿನ ಕೋಣೆಗೆ ಬಂದರು. ಯಂತ್ರ ಕಟ್ಟಿದ ವಿಜ್ಞಾನಿ ಡಾ. ವಾರಿಜಾ, ಬೆಳಕೊಡಲುಗಳ ಹೆಸರಿನ ಪಟ್ಟಿ ತೋರಿಸುವ ಕೈಫಲಕ ಹಿಡಿದು ಅಲ್ಲೇ ಕೂತಿದ್ದರು.

"ಏನ್ರಮ್ಮಾ ಇದು? ಸತ್ತೋರನ್ನೂ ಕರ್ಕೊಂಡ್ ಬಂದು ಕೂರಿಸ್ತೀರಾ? ನನ್ನ ಮಾನ ಹೋಯ್ತಲ್ಲ!"

"ಸಾವು ಅಂದ್ರೆ ಏನು ಅಂತ ಯಂತ್ರಕ್ಕೆ ಗೊತ್ತಿಲ್ಲ ಸಾರ್. ಮಾತು ಮುಗೀತಾ, ಇಲ್ವಾ, ಅದಷ್ಟೇ ಅದಕ್ಕೆ ಗೊತ್ತು. ಮುಗಿದ್ರೆ ಬೆಳಕೊಡಲು ಅಳಿಸಿಹೋಗುತ್ತೆ. ಇವರಿಗೆಲ್ಲ ನೀವು ಬನ್ನಿ ಅಂದಿದ್ದೀರಿ. ಅದಕ್ಕೇ ಬರ್ತಿದ್ದಾರೆ."

"ಅಯ್ಯೋ, ಹೋಗಿ ಬನ್ನಿ ಅಂದ್ರೆ ಹೋಗಿ ಅಂತ ಅರ್ಥ ಕಣಮ್ಮಾ! ಮನೆಗೆ ಬಂದೋರಿಗೆ ಬರೀ ಹೋಗಿ ಅನ್ನೋಕಾಗುತ್ತಾ? ಅಪಶಕುನ ಅಲ್ವಾ?"

ವಾರಿಜಾ ತಲೆ ತಗ್ಗಿಸಿದರು. "ನನಗೂ ಗೊತ್ತು ಸಾರ್. ನಾನೂ ಹಾಗೇ ಮಾತಾಡ್ಕೊಂಡು ಬೆಳೆದವಳು. ಅದಕ್ಕೇ, ಅದನ್ನ ಯಂತ್ರಕ್ಕೆ ಬಿಡಿಸಿ ಹೇಳ್ಬೇಕು ಅಂತ ಹೊಳೀಲೇ ಇಲ್ಲ."

"ಸರಿ, ಈಗ ಆಫ್ ಮಾಡಿ."

"ಮಾಡಬಹುದು. ಮುಂದಿನ ಸಭೆಗೆ ಮತ್ತೆ ಬರ್ತಾರೆ. ಜನರ ಅಹವಾಲನ್ನ ಬೇರೆ ಯಾರೂ ಅಳಿಸೋ ಹಾಗಿರಬಾರದು ಅಂತ ಕಟ್ಟುನಿಟ್ಟು ಮಾಡಿಸಿದವರು ನೀವೇ. ನೀವೇ ಅವರ ಮುಖಕ್ಕೆ ಆಗಲ್ಲ, ಹೋಗಿ ಅನ್ನಬೇಕು. ಬನ್ನಿ ಅನ್ನಬಾರದು."

ಬಾಗಿಲಲ್ಲಿ ಸರ್ವಮಂಗಳ ಬಂದು ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು. "ಹಾಗೇ ಹೇಳಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ. ಬದುಕಿದ್ದಾಗ ಕಾದಿದ್ದು ಸಾಲದಾ? ಸತ್ತ ಮೇಲೂ ನಮ್ಮಪ್ಪ ನಿಮ್ಮ ಮುಂದೆ ಕೈಮುಗಿದು ನಿಂತಿರಬೇಕಾ? ಅವರನ್ನ ಕಳಿಸ್ಕೊಡಿ."

"ಒಂದು ಮಾತು ನೆನಪಿಡಿ" ಎಂದರು ವಾರಿಜಾ. "ಮನೆಯವರ ಮಾತನ್ನೂ ಯಂತ್ರ ಮನ್ನಿಸುತ್ತೆ. ಅವರು ಹೊರಟಾಗ ನೀವೂ ಬಾ ಅನ್ನಬಾರದು."

"ನಾನ್ಯಾಕೆ ಹಾಗಂತೀನಿ? ಕಳಿಸಿ ಅಂತಿರೋಳೇ ನಾನು."

ಗೌಡರು ಮತ್ತೆ ವೇದಿಕೆ ಹತ್ತಿದರು. ಕಾಳಾಚಾರಿ ಕೈಮುಗಿದುಕೊಂಡು ಇನ್ನೂ ನಿಂತೇ ಇದ್ದ. ಆ ಮುಖ ನೋಡಿದ್ದೇ ಗೌಡರ ಹಳೆಯ ಅಭ್ಯಾಸ ಮುನ್ನುಗ್ಗಿತು.

"ಕಾಳಾಚಾರ್ರೇ, ಮಹಾದ್ವಾರ ಬೇಡ, ಕೈಬಿಟ್ಟೆ. ಮಿಷನ್ನಿಗೇ ಮೊದಲ ಆದ್ಯತೆ. ಈ ವರ್ಷವೇ ತರಿಸ್ತೀನಿ!"

ಜೀವಂತ ಜನ ಜೋರಾಗಿ ಚಪ್ಪಾಳೆ ತಟ್ಟಿದರು.

"ಒಳ್ಳೇದಾಯ್ತು ಸ್ವಾಮಿ. ಯಾವಾಗ ಬರ್ಲಿ?"

ಚಪ್ಪಾಳೆ ನಿಂತಿತು. ಹಿಂದಿನ ಸಾಲಿನಿಂದ ಇನ್ನೊಂದು ದನಿ, "ನಾನು ಯಾವಾಗ ಬರ್ಲಿ ಸ್ವಾಮಿ?" ಎಂದಿತು. ಕಿಟಕಿಯ ಕಡೆಯಿಂದ ಮತ್ತೊಂದು. ಅಜ್ಜಿಯ ಪಕ್ಕದಲ್ಲಿ ಕೂತಿದ್ದ ಗೆಳತಿಯೂ ಎದ್ದು ಕೈಮುಗಿದು ಅದನ್ನೇ ಕೇಳಿದಳು. ಯಾರ ಸೆರಗೂ ಅಲುಗುತ್ತಿರಲಿಲ್ಲ. ಜನ ಕುರ್ಚಿ ತಳ್ಳಿಕೊಂಡು ಗೋಡೆಗೆ ಒತ್ತಿ ನಿಂತರು.

"ಹೋಗಿ..." ಎಂದರು ಗೌಡರು, ಮುಂದಿನ ಮಾತನ್ನು ಹಲ್ಲಿನಲ್ಲೇ ತಡೆಯಲು ನೋಡಿದರು. ಆಗಲಿಲ್ಲ. "...ಬನ್ನಿ" ಎಂಬುದು ತಾನಾಗಿ ಜಾರಿ ಬಿತ್ತು.

"ಯಾವಾಗ ಬರ್ಲಿ ಸ್ವಾಮಿ?"

ಗೌಡರು ಮೈಕು ಬಿಟ್ಟು ಕೆಳಗಿಳಿದರು. ಮೂರನೇ ಸಾಲಿಗೆ ಹೋಗಿ ಮುದುಕನ ಎದುರು ನಿಂತು, ಹೆಗಲ ಮೇಲೆ ಕೈಯಿಡಲು ಹೋದರು. ಕೈ ಹಿಡಿತ ಸಿಗದೆ ಕೆಳಗೆ ಬಂತು. ಅವರ ಕಣ್ಣಲ್ಲಿ ನೀರು ಬಂತು, ನಾಟಕವಿಲ್ಲದ ನೀರು.

"ನನ್ನಿಂದ ಆಗ್ಲಿಲ್ಲ ಕಾಳಾಚಾರ್ರೇ. ಅವತ್ತೂ ಆಗಲ್ಲ ಅಂತ ನನಗೆ ಗೊತ್ತಿತ್ತು. ಹೋಗಿ."

ಮುದುಕ ಸಿಟ್ಟಿಲ್ಲದ ದನಿಯಲ್ಲಿ ಹೇಳಿದ: "ಅವತ್ತೇ ಇಂಗಂದಿದ್ರೆ ಮೈಸೂರಿಗೆ ಹೋಗ್ಬುಡ್ತಿದ್ದೆ ಸ್ವಾಮಿ. ಅಲ್ಲಿ ಮಿಷನ್ನು ಅದೆ, ಬಾರಪ್ಪಾ ಅಂತ ಮಗಳು ಕರೀತಾನೇ ಇದ್ಲು. ನೀವು ಬನ್ನಿ ಅಂದ್ರಿ ಅಂತ ನಾನು ಇಲ್ಲೇ ಉಳ್ಕಂಡೆ."

ಗೌಡರು ಅಲ್ಲೇ ಕುರ್ಚಿಯ ಮೇಲೆ ಕುಸಿದರು. ಕಾಳಾಚಾರಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಕಡೆ ನಡೆದ. ಅಷ್ಟರಲ್ಲಿ ಅಲ್ಲಿಗೆ ಬಂದು ನಿಂತಿದ್ದ ಮಗಳನ್ನು ಕಂಡು ಅವನ ಕಾಲು ತಡೆಯಿತು.

"ಬತ್ತೀನಿ ಕಣವ್ವಾ" ಎಂದ.

ಸರ್ವಮಂಗಳ ತುಟಿ ಕಚ್ಚಿ ಹಿಡಿದಳು. ದೂರದಿಂದ ವಾರಿಜಾ ಬೇಡ, ಬೇಡ ಎಂದು ತಲೆಯಾಡಿಸುತ್ತಿದ್ದರು. ಮುದುಕ ಹೊಸ್ತಿಲಲ್ಲಿ ಕಾಯುತ್ತ ನಿಂತೇ ಇದ್ದ. ಬರ್ತೀನಿ ಅಂದವರನ್ನು ಮರುಮಾತಿಲ್ಲದೆ ಕಳಿಸುವುದು ಅವರ ಮನೆಯಲ್ಲಿ ಯಾವತ್ತೂ ನಡೆದಿರಲಿಲ್ಲ. ಆಸ್ಪತ್ರೆಯಲ್ಲಿ ಅವನ ಉಸಿರು ನಿಂತಾಗ ಅವಳು ಬಸ್ಸಿನಲ್ಲಿದ್ದಳು. ಒಂದು ಮಾತೂ ಆಡಿ ಕಳಿಸಲು ಆಗಿರಲಿಲ್ಲ.

"ಹೋಗ್ಬಾರಪ್ಪಾ" ಎಂದಳು.

ಕಾಳಾಚಾರಿಯ ಮುಖ ಅರಳಿತು. ಹೊಸ್ತಿಲು ದಾಟುತ್ತಲೇ ಬೆಳಕು ಆರಿತು. ವಾರಿಜಾ ಕೈಫಲಕ ನೋಡಿದರು. ಅವನ ಹೆಸರಿನ ಮುಂದಿದ್ದ, ಮಾತು ಇನ್ನೂ ಮುಗಿದಿಲ್ಲ ಎನ್ನುವ ಹಸಿರು ದೀಪ ಆರಿರಲಿಲ್ಲ.

ಸರ್ವಮಂಗಳ ಕಣ್ಣೊರೆಸಿಕೊಂಡು ಗೌಡರ ಹತ್ತಿರ ಬಂದಳು. ಸುತ್ತ ಇನ್ನೂ ಹಲವರು ಕೈಮುಗಿದು ತಮ್ಮ ಸರದಿ ಕಾಯುತ್ತಿದ್ದರು. ಅವಳೂ ಅವರ ನಡುವೆ ನಿಂತು, ತಗ್ಗಿದ ದನಿಯಲ್ಲಿ ಕೇಳಿದಳು:

"ಮುಂದಿನ ಸಭೆ ಯಾವಾಗ ಸಾರ್? ನಾನು ಯಾವಾಗ ಬರ್ಲಿ?"