ಪ್ರಭುಭೋಜನದ ಬಾಟಲಿ

ಪಾಸ್ಟರ್ ಬಾಟಲಿಯ ಮುಚ್ಚಳ ತಿರುಗಿಸಿದ್ದೇ ತಡ — ಟಪ್! ಮುಚ್ಚಳ ಹಾರಿತು. ನೊರೆ ಉಕ್ಕಿ ಮೇಜಿನ ಬಿಳಿ ಬಟ್ಟೆಯ ಮೇಲೆ ಹರಿಯಿತು. ಮರುಕ್ಷಣ ಕೋಣೆಯ ತುಂಬ ಹೆಂಡದ ವಾಸನೆ.

ಪ್ರಭುಭೋಜನಕ್ಕೆಂದು ಇಟ್ಟ ದ್ರಾಕ್ಷಿರಸದಲ್ಲಿ ಹೆಂಡ!

ನೌಕರಿಗೆಂದು ನಾಗಪುರಕ್ಕೆ ಬಂದ ಕನ್ನಡ ಕ್ರೈಸ್ತರ ಸಣ್ಣ ಸಭೆ ಅದು; ಪ್ರಭುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಿರಸ ಹಂಚಿಕೊಳ್ಳಲು ಸೇರಿತ್ತು. ಎಲ್ಲರ ಕಣ್ಣೂ ಪ್ರವೀಣನ ಮೇಲೆ ಹೋಯಿತು. ಖಾಪರಖೇಡಾದ ವಿದ್ಯುತ್ ಸ್ಥಾವರದ ನೌಕರ. ಮೊದಲು ವಿಪರೀತ ಕುಡಿಯುತ್ತಿದ್ದ, ಬಿಟ್ಟು ವರ್ಷವಾಗಿತ್ತು. ತವರಿಗೆ ಹೋಗಿದ್ದ ಹೆಂಡತಿ ನಯನಾ ಅವನನ್ನು ನಂಬಿ ಮರಳಿದ್ದು ಅದೇ ವಾರ.

"ನಿನ್ನೆ ಸಂಜಿಮುಂದ ಇಲ್ಲಿ ಕಸಾ ಹೊಡದಾಂವ ಇವನ," ಎಂದರು ಎಸ್ತೇರಮ್ಮ. ಸಭೆಯ ಹಿರಿಯರು; ದ್ರಾಕ್ಷಿರಸ ಮಾಡಿ ತರುವವರೂ ಅವರೇ. "ಕೀಲಿನೂ ಇವನ ಕಡೇನ ಇತ್ತು. ಇನ್ನೇನ್ ಕೇಳೂದೈತಿ?"

ನಯನಾ ಗಂಡನ ಮುಖ ನೋಡಿದಳು. "ಖರೇ ಏನ್ರಿ?"

"ನಾ ಮುಟ್ಟಿಲ್ಲ," ಎಂದ ಪ್ರವೀಣ್.

ಪಾಸ್ಟರ್ ಮುಂದಿನ ಸಾಲಿನಲ್ಲಿದ್ದ ದೇವಮಿತ್ರರ ಕಡೆ ತಿರುಗಿದರು. ರೈಲ್ವೆ ಪೊಲೀಸಿನಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು ದೇವಮಿತ್ರ. ಅವರು ಮೊದಲು ಪ್ರವೀಣನ ಬಾಯಿ ಮೂಸಿದರು. ಏನೂ ಇಲ್ಲ. ಆಮೇಲೆ ಮುಚ್ಚಳ ಹೆಕ್ಕಿಕೊಂಡು, ಬಾಟಲಿಯಲ್ಲಿ ಇನ್ನೂ ಏಳುತ್ತಿದ್ದ ಗುಳ್ಳೆಗಳನ್ನು ನೋಡುತ್ತ ನಿಂತರು.

"ಬ್ಯಾರೇದವರ ಸುದ್ದಿ ಬ್ಯಾಡ. ಈ ಬಾಟಲಿಗೆ ನಿಮ್ಮ ಕೈ ಏನ್ ಮಾಡೇತಿ — ಅದಷ್ಟ ಹೇಳ್ರಿ," ಎಂದರು ಎಲ್ಲರಿಗೂ.

"ಕಪಾಟಿನಿಂದ ತಗದು ಮೇಜಿನ ಮ್ಯಾಲ ಇಟ್ಟೆ," ಎಂದರು ಪಾಸ್ಟರ್.

"ಎಸ್ತೇರಮ್ಮಾರ, ನೀವು?"

"ನಾನೇನ್ ಮಾಡ್ತೀನ್ರಿ? ಇವನ್ನ ಕೇಳ್ರಿ—"

"ನಿಮ್ಮ ಕೈ ಸುದ್ದಿ ಕೇಳಾಕತ್ತೀನಿ. ರಸಾ ಯಾವಾಗ ಮಾಡಿದ್ರಿ?"

"ಹೋದ ರವಿವಾರ."

"ಕುದಿಸಿದ್ರೇನು?"

"ಪ್ರತೀ ಸಲ ಕುದಸ್ತೀನಿ."

"ಈ ಸಲ?"

ಎಸ್ತೇರಮ್ಮ ಬಾಟಲಿಯಿಂದ ಕಣ್ಣು ತಿರುಗಿಸಿದರು.

"ಫ್ರಿಜ್‌ನ್ಯಾಗರೆ ಇಟ್ಟಿದ್ರೋ?"

"ಮದವಿಗೆ ಹೋಗೂ ಅವಸರಿತ್ತು..." ಎಸ್ತೇರಮ್ಮನವರ ದನಿ ಇಳಿಯಿತು. "ಜಲ್ದಿ ಹಿಂಡಿ, ತುಂಬಿ, ಇಲ್ಲೇ ಕಪಾಟಿನ್ಯಾಗ ಇಟ್ಟು ಹೋದೆ."

ದೇವಮಿತ್ರ ತಲೆಯಾಡಿಸಿದರು.

"ಮುಚ್ಚಳ ಟಪ್ ಅಂದದ್ದು ಎಲ್ಲಾರೂ ಕೇಳೀವಿ. ಯಾಕ ಹಾರ್ತು ಅಂತ ಒಬ್ಬರೂ ವಿಚಾರ ಮಾಡ್ಲಿಲ್ಲ. ದಾರೂ ಸುರುವಿದ್ರ ಹಿಂಗ ನೊರಿ ಉಕ್ಕೂದಿಲ್ಲ, ಗುಳ್ಳಿ ಏಳೂದಿಲ್ಲ. ಕುದಿಸದ ರಸಾ ವಾರಪೂರ್ತಿ ಈ ಸೆಕಿಯೊಳಗಿತ್ತು. ತಾನ ಹುಳಿ ಬಂದು ಹೆಂಡಾಗೇತಿ. ತಪ್ಪು ಎಸ್ತೇರಮ್ಮಾರದು. ಆದ್ರ ಮುಚ್ಚಳ ನೋಡೂಕಿಂತ ಮೊದಲ ನಾ ಇವನ ಬಾಯಿ ಮೂಸೀನಿ. ಅದು ನನ್ನ ತಪ್ಪು."

ಎಸ್ತೇರಮ್ಮ ಎದ್ದು ಪ್ರವೀಣನೆದುರು ನಿಂತರು.

"ವಾಸನಿ ಬಂದ ಕೂಡ್ಲೆ ನನಗ ತಿಳೀತು, ತಮ್ಮಾ. ನನ್ನ ಹೆಸರು ಕೆಡಬಾರ್ದಂತ ನಿನ್ನ ಹೆಸರು ಹೇಳಿದೆ. ಪ್ರಭುವಿನ ಮೇಜಿನ ಮುಂದ ನಿಂತು ಹೇಳಿದೆ! ಕ್ಷಮಾ ಮಾಡು."

"ಈಗ ಕ್ಷಮಿಸೀನಿ ಅಂದ್ರ ಸುಳ್ಳಾಗ್ತೈತ್ರಿ, ಅಕ್ಕಾರ," ಎಂದ ಪ್ರವೀಣ್. "ಆ ಮನಸು ನನಗ ಬರ್ಲಿ ಅಂತ ಪ್ರಾರ್ಥನಾ ಮಾಡ್ರಿ."

ಅಂದು ಪ್ರಭುಭೋಜನ ನಡೆಯಲಿಲ್ಲ. ಎಸ್ತೇರಮ್ಮ ಮೊಣಕಾಲೂರಿದರು, ಒಬ್ಬೊಬ್ಬರಾಗಿ ಉಳಿದವರೂ ಊರಿದರು. ನಯನಾ ಹೆಂಗಸರ ಸಾಲು ಬಿಟ್ಟು ಬಂದು ಗಂಡನ ಪಕ್ಕ ಕುಳಿತಳು. ಅವಳಿಗೂ ಅವನಲ್ಲಿ ಕೇಳಬೇಕಾದ ಕ್ಷಮೆಯೊಂದಿತ್ತು.