ತೊಟ್ಟಿಲಿನ ಬಾಗುಕಾಲು

"ಸತ್ತ ಮಗುವಿನ ತೊಟ್ಟಿಲನ್ನ ಇನ್ನೆಷ್ಟು ದಿನ ಒರೆಸ್ತಾ ಕೂತ್ಕೋತೀಯೆ? ಗರಗಸಕ್ಕೆ ಕೊಡು ಅದನ್ನ!"

ಅತ್ತೆ ಎರ್ನೆಸ್ಟೀನಳ ಮಾತಿಗೆ ಹುಲ್ಡಾಳ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಒಲೆಯ ಮೇಲೆ ಆಲೂಗಡ್ಡೆ ಉಂಡೆಗಳು ಕುದಿಯುತ್ತಿದ್ದವು. ಗಂಡ ಆರ್ವೆಡ್ ಬೆಳಗಿನಿಂದ ಕೂತು ಕೆತ್ತಿದ ಮರದ ಕಮಾನು ಮೇಜಿನ ಮೇಲೆ ಎರಡು ತುಂಡಾಗಿ ಬಿದ್ದಿತ್ತು.

ಸೂಲ್ ಊರಿನ ಬಂದೂಕು ತಯಾರಿಸುವವರ ಮನೆಗಳಲ್ಲಿ ಅದೇಕೆ ಮುರಿಯಿತೆಂದು ಯಾರಿಗೂ ಹೇಳಬೇಕಿರಲಿಲ್ಲ. ಹಳೆಯ ಬೇಟೆ ಬಂದೂಕುಗಳಲ್ಲಿ ಟ್ರಿಗರನ್ನು ಕಾಯುವ ಕಮಾನು ಮರದ್ದು. ಹಿಮದಲ್ಲೂ ಅದು ಕಬ್ಬಿಣದ ಹಾಗೆ ಬೆರಳನ್ನು ಕಚ್ಚುವುದಿಲ್ಲ. ಆದರೆ ನೇರ ಹಲಗೆಯಿಂದ ಕೆತ್ತಿದರೆ ಬಾಗುವಲ್ಲಿ ಮರದ ಎಳೆ ಕಡಿದುಹೋಗುತ್ತದೆ. ಬಾಗಿಯೇ ಬೆಳೆದ ಕೊಂಬೆ ಬೇಕು, ಅದೂ ವರ್ಷಗಟ್ಟಲೆ ಒಣಗಿದ್ದು. ಅಂಥವನ್ನು ಮಾವ ಅಟ್ಟದ ತುಂಬ ಕೂಡಿಟ್ಟು ಸತ್ತಿದ್ದರು. ಯುದ್ಧದ ಕೊನೆಯ ಚಳಿಗಾಲದಲ್ಲಿ ಮಗು ಜ್ವರದಿಂದ ನಡುಗುತ್ತಿದ್ದಾಗ ಹುಲ್ಡಾ ಅವನ್ನೆಲ್ಲ ಒಲೆಗೆ ಹಾಕಿದ್ದಳು. ಕೊಂಬೆಗಳು ಮುಗಿದವು... ಮಗುವೂ ಉಳಿಯಲಿಲ್ಲ.

ಈಗ ಮಾವನೇ ಮಾಡಿದ್ದ ಬಂದೂಕೊಂದನ್ನು, ಕಮಾನು ಮುರಿದಿದೆಯೆಂದು, ಅರಣ್ಯಾಧಿಕಾರಿ ತಂದುಕೊಟ್ಟಿದ್ದ. ಉಳಿದಿದ್ದ ಗಿರಾಕಿ ಅವನೊಬ್ಬನೇ. ಅವನೂ ಕೈಬಿಟ್ಟರೆ ಆರ್ವೆಡ್ ಗಣಿಗೆ ಇಳಿಯಬೇಕು. ಯುದ್ಧದಲ್ಲಿ ವಿಷಗಾಳಿ ಕುಡಿದ ಎದೆ ಅವನದು. ಗಣಿಯಲ್ಲಿ ಅದು ಒಂದು ಚಳಿಗಾಲವನ್ನೂ ತಾಳಲಾರದು. ಬಾಗಿ ಬೆಳೆದ ಅಕ್ರೋಟ್ ಮರ ಮನೆಯಲ್ಲಿ ಉಳಿದಿದ್ದುದು ಒಂದೇ ಕಡೆ: ನೆಲದ ಮೇಲೆ ತೂಗುವ ಆ ತೊಟ್ಟಿಲಿನ ಅಡಿಯಲ್ಲಿ, ತುದಿ ಸುರುಳಿಯಾಗಿ ಮೇಲೆದ್ದ ಎರಡು ಬಾಗುಕಾಲುಗಳಲ್ಲಿ.

"ಬೇಡಮ್ಮ," ಆರ್ವೆಡ್ ಕೆಮ್ಮುತ್ತಲೇ ಹೇಳಿದ. "ನಾಳೆ ನಮಗೊಂದು ಮಗು ಆದ್ರೆ ಎಲ್ಲಿ ಮಲಗಿಸ್ಲಿ? ನಿನ್ನ ಮಡಿಲಲ್ಲಾ?"

"ಆಗ್ಲಿ ನೋಡೋಣ, ಮಲಗಿಸ್ಕೋತೀನಿ! ನನ್ನ ಗಂಡ ಜೀವ ತೇಯ್ದು ಕೂಡಿಟ್ಟಿದ್ದನ್ನ ಒಲೆಗೆ ಹಾಕಿದ ಮಹಾತಾಯಿ, ಈ ಕಟ್ಟಿಗೇನ ಮಾತ್ರ ಕಣ್ಣಿಗೆ ಒತ್ಕೋತಾಳೆ!"

ಆ ಮಗುವಿನ ಹೆರಿಗೆಯ ದಿನವೇ ಸೂಲಗಿತ್ತಿ ಹುಲ್ಡಾಳ ಕಿವಿಯಲ್ಲಿ ಹೇಳಿದ್ದ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಗಂಡ ಉಸಿರಾಡುತ್ತಿದ್ದುದೇ ಆ ಇನ್ನೊಂದು ಮಗುವಿನ ಆಸೆಯಲ್ಲಿ. ಆ ಆಸೆಯನ್ನು ಉಳಿಸಿದರೆ ಅವನು ಗಣಿಗೆ ಹೋಗುತ್ತಾನೆ...

ಅವಳು ತೊಟ್ಟಿಲನ್ನು ಬೋರಲು ಹಾಕಿ ಗರಗಸ ಎತ್ತಿಕೊಂಡಳು.

"ಹುಲ್ಡಾ! ಹುಚ್ಚು ಹಿಡೀತಾ ನಿನಗೆ?"

"ಮಗು ಆಗಲ್ಲ, ಆರ್ವೆಡ್... ಇನ್ನೆಂದೂ ಆಗಲ್ಲ! ಸೂಲಗಿತ್ತಿ ಆವತ್ತೇ ಹೇಳಿದ್ಲು. ನಿನ್ನ ಮುಖ ನೋಡಿದ್ರೆ ಬಾಯೇ ಬರ್ತಿರಲಿಲ್ಲ... ಹಿಡ್ಕೋ, ಈ ಕಡೆ ಗಟ್ಟಿಯಾಗಿ ಹಿಡ್ಕೋ!"

ಆರ್ವೆಡ್ ಬಂದು ತೊಟ್ಟಿಲಿನ ಇನ್ನೊಂದು ತುದಿ ಹಿಡಿದುಕೊಂಡ. ಒಲೆಯ ಮೇಲೆ ಉಂಡೆಗಳು ಒಡೆದು ನೀರೆಲ್ಲ ಗಂಜಿಯಾದರೂ ಎರ್ನೆಸ್ಟೀನ್ ಬೈಯಲಿಲ್ಲ. "ನಿಧಾನ, ಮಗಳೇ... ಬಾಗು ಬಿಟ್ಟು ಕೊಯ್ಯಿ," ಎಂದಳು. ಆ ಮನೆಯಲ್ಲಿ ಹುಲ್ಡಾಳನ್ನು ಯಾರಾದರೂ ಮಗಳೇ ಎಂದದ್ದು ಅದೇ ಮೊದಲು.

ಈ ಸಲ ಕಮಾನು ಮುರಿಯಲಿಲ್ಲ. ಅರಣ್ಯಾಧಿಕಾರಿ ಅದರೊಳಗೆ ಬೆರಳಿಟ್ಟು ನೋಡಿ ನಕ್ಕ. "ಬೆಚ್ಚಗಿದೆ ಕಣಯ್ಯಾ! ಅಪ್ಪನ ಕೈ ಬಂದಿದೆ ನಿನಗೆ. ಇಂಥದ್ದೇ ಇನ್ನೊಂದಿದೆ, ತರ್ಲಾ?"

ಆರ್ವೆಡ್ ಒಳಗಿನ ಕೋಣೆಯತ್ತ ನೋಡಿದ. ಅಲ್ಲಿ ತೊಟ್ಟಿಲು ಒಂದೇ ಬಾಗುಕಾಲಿನ ಮೇಲೆ ವಾಲಿ ನಿಂತಿತ್ತು. ಆ ಕಾಲೂ ಮುಗಿದರೆ ಮನೆಯಲ್ಲಿ ಬಾಗಿದ ಮರ ಇನ್ನಿರಲಿಲ್ಲ.

"ತನ್ನಿ," ಎಂದಳು ಹುಲ್ಡಾ. "ಇನ್ನೊಂದಕ್ಕೆ ಮರ ಇದೆ."