ಮಣಲಿಯ ಸಿಹಿನೀರಿನ ಬಾವಿ

ಬೆಳಗಿನ ಐದಕ್ಕೆ ಅಡುಗೆಯ ಸಂದೇಶ್ ಮೋಟರು ಹಾಕಿ ನಲ್ಲಿ ತಿರುಗಿಸಿದ. ನೀರಿನ ಜೊತೆ ಡೀಸೆಲ್ ವಾಸನೆ ಬಂತು. ಕೂಗಿದ. ಸುಕೇಶ್ ಬಂದು ಹಿತ್ತಿಲ ಬಾವಿಯ ಕಬ್ಬಿಣದ ಮುಚ್ಚಳದ ಬೀಗ ತೆಗೆದ. ಟಾರ್ಚು ಬಿಟ್ಟು ನೋಡಿದರೆ—ನೀರಿನ ಮೇಲೆ ಎಣ್ಣೆಯ ಪೊರೆ ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು.

ಹೋಟೆಲಿನ ಒಡತಿ ರತ್ನಾವತಿಯಮ್ಮ ಇಡ್ಲಿಯ ಒಲೆ ಆರಿಸಿದರು. ಹೋಟೆಲಿನ ಶಟರು ಅರ್ಧಕ್ಕೆ ಇಳಿಯಿತು. ಕಾರ್ಖಾನೆಗಳ ಹೊಗೆಯ ಮಣಲಿಯಲ್ಲಿ ಸಿಹಿನೀರಿನ ಬಾವಿ ಅಪರೂಪ; ಆ ನೀರಿನ ಕಾಫಿಗೆಂದೇ ಲಾರಿಯವರು ದಾರಿ ಬಳಸಿ ಬರುತ್ತಿದ್ದರು. ಬಾವಿ ಹೋದರೆ ಹೋಟೆಲೂ ಹೋದಂತೆಯೇ.

ಹನ್ನೊಂದಕ್ಕೆ ರಮಾಬಾಯಿ ಬಂದರು. ವಿಮಾ ಕಂಪನಿಯ ಪರವಾಗಿ ನಷ್ಟ ಅಳೆಯುವ ಸರ್ವೇಯರ್. ಮೂವತ್ತು ವರ್ಷದಿಂದ ಸುಟ್ಟ ಗೋಡೌನು, ಮುಳುಗಿದ ಕಾರು ನೋಡಿ ನೋಡಿ, ವಸ್ತುಗಳಿಗಿಂತ ಮನುಷ್ಯರ ಮುಖವನ್ನೇ ಹೆಚ್ಚು ಹೊತ್ತು ನೋಡುವ ಅಭ್ಯಾಸವಾಗಿತ್ತು ಅವರಿಗೆ.

ಅಂದು ಗಲಾಟೆಯಲ್ಲಿ ಪೂಜೆ ತಡವಾಗಿತ್ತು. ಸುಕೇಶ್ ಆಗಷ್ಟೇ ಮಂಗಳಾರತಿ ಮುಗಿಸಿದ್ದ. ಬಂದವರಿಗೆ ಕೊಡುವ ರೂಢಿಯಂತೆ ರಮಾಬಾಯಿಯ ಅಂಗೈಗೂ ಒಂದು ಉದ್ಧರಣೆ ತೀರ್ಥ ಹಾಕಿದ. ಅವರು ಕಣ್ಣಿಗೊತ್ತಿಕೊಂಡು ಕುಡಿದರು. ಆಮೇಲೆ ಕಾಗದ ಬಿಚ್ಚಿದರು.

ಈ ಜಾಗ ಹಿಂದೆ ಲಾರಿ ಶೆಡ್ಡಾಗಿತ್ತು. ಮಣ್ಣಿನಲ್ಲಿ ಹಳೆಯ ಎಣ್ಣೆ ಇದ್ದೀತು ಎಂಬ ಭಯಕ್ಕೆ, ಸಾಲ ಕೊಟ್ಟ ಬ್ಯಾಂಕು ಮಾಲಿನ್ಯದ ವಿಮೆ ಮಾಡಿಸಲೇಬೇಕು ಎಂದಿತ್ತು. ವಿಮೆ ಮಾಡಿಸಿ ನಾಲ್ಕು ತಿಂಗಳಾಗಿತ್ತಷ್ಟೆ. ಮಾಲೀಕರಿಗೆ ಗೊತ್ತಿಲ್ಲದೆ ನೆಲದಿಂದಲೋ ನೆರೆಯವರ ಜಾಗದಿಂದಲೋ ವಿಷ ಒಸರಿದರೆ ಶುಚಿ ಮಾಡುವ ಖರ್ಚು, ವ್ಯಾಪಾರ ಬೇರೆಡೆಗೆ ಸಾಗಿಸುವ ಖರ್ಚು—ಎರಡೂ ಕಂಪನಿಯದು. ತಾವೇ ಸುರಿದುಕೊಂಡರೆ ಏನೂ ಇಲ್ಲ.

"ವಾಸನೆ ಯಾವಾಗಿಂದ?" ಎಂದರು ರಮಾಬಾಯಿ.

"ಎರಡು ದಿನದಿಂದ ಸಣ್ಣಕ್ಕೆ ಉಂಟು ಅಮ್ಮ," ಎಂದ ಸುಕೇಶ್. ರತ್ನಾವತಿಯಮ್ಮನ ಅಣ್ಣನ ಮಗ; ಹೋಟೆಲಿನ ಉಸ್ತುವಾರಿ ಅವನದೇ. "ಗೋಡೆಯಾಚೆ ಅರವಿಂದನ ಪೀಪಾಯಿ ಯಾರ್ಡು. ಅಲ್ಲಿಂದ ಒಸರ್ತಾ ಬಂದದ್ದು."

ಸಂದೇಶ್ ತಲೆ ಅಲ್ಲಾಡಿಸಿದ. "ಎರಡು ದಿನವಾ? ನಿನ್ನೆ ಸಂಜೆ ಹಿಟ್ಟು ರುಬ್ಬಿದ್ದು ಇದೇ ನೀರಲ್ಲಿ. ಎಂತ ವಾಸನೆಯೂ ಇರ್ಲಿಲ್ಲ ಮಾರಾಯ."

"ನಿನ್ನ ಮೂಗು ಬೀಡಿಯಲ್ಲೇ ಸತ್ತು ಹೋಗಿದೆ. ಸುಮ್ಮನಿರು."

ರಮಾಬಾಯಿ ಗೋಡೆಯಾಚೆಗೂ ಹೋಗಿ ಬಂದರು. ಅರವಿಂದ ತಮಿಳಿನಲ್ಲಿ ಗೊಣಗಿದ—ತನ್ನ ಪೀಪಾಯಿಗಳಲ್ಲಿ ಬರುವುದು ತಾರಿನಂಥ ಕಪ್ಪು ಹಳೆ ಎಣ್ಣೆ. ಬಾವಿಯಲ್ಲಿರುವುದು ತೆಳ್ಳಗಿನ ಹೊಸ ಡೀಸೆಲ್. "ನನ್ನ ಮಕ್ಕಳೂ ಇಲ್ಲಿಯ ಬೋರಿನ ನೀರೇ ಕುಡಿಯೋದು ಅಮ್ಮಾ. ನಾನು ಯಾಕೆ ನೆಲಕ್ಕೆ ಬಿಡಲಿ?"

ರಮಾಬಾಯಿ ಮರಳಿ ಬಂದು ಕುರ್ಚಿ ಎಳೆದುಕೊಂಡರು. "ರತ್ನಾವತಿಯಮ್ಮ, ಇವತ್ತು ತೀರ್ಥಕ್ಕೆ ನೀರು ಎಲ್ಲಿಯದು?"

ಸುಕೇಶ್ ಬಾಯಿ ತೆರೆದ. ಅವನಿಗಿಂತ ಮೊದಲು ಅತ್ತೆಯೇ ಹೇಳಿಬಿಟ್ಟರು. "ಬಾವಿಯದ್ದೇ, ಮತ್ತೆ ಎಲ್ಲಿಯದು? ಇವ ದಿನಾ ನಾಲ್ಕೂವರೆಗೆ ಮಿಂದು ಮಡಿಯಲ್ಲಿ ಒಂದು ಕೊಡ ಸೇದಿಡುವುದು. ನಿನ್ನೆಯ ನೀರು ದೇವರಿಗೆ ಆಗ್ಲಿಕ್ಕಿಲ್ಲ. ಕ್ಯಾನಿನ ನೀರನ್ನಂತೂ ನಾನು ದೇವರ ಕೋಣೆಗೆ ಬಿಡುವುದೇ ಇಲ್ಲ."

"ಅಪ್ಪಡಿಯಾ, ಹಾಗೋ," ಎಂದರು ರಮಾಬಾಯಿ ಮೆಲ್ಲಗೆ. "ಮುಚ್ಚಳದ ಬೀಗದಕೈ?"

"ಇವನ ಸೊಂಟದಲ್ಲೇ."

ರಮಾಬಾಯಿ ಸುಕೇಶನ ಕಡೆ ತಿರುಗಿದರು. "ಎಲ್ಲರೂ ಗೋಡೆ ನೋಡಿದರು, ಮಣ್ಣು ನೋಡಿದರು. ನೀನು ನನ್ನ ಕೈಗೆ ಹಾಕಿದ್ದನ್ನು ಯಾರೂ ನೋಡಲಿಲ್ಲ ಪಾ. ನಾನು ಕುಡಿದೆ. ತುಳಸಿ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ. ಎರಡು ದಿನದಿಂದ ನಾರುವ ನೀರನ್ನು ನೀನು ಸಾಲಿಗ್ರಾಮದ ಮೇಲೆ ಹಾಕ್ತಿದ್ದೆಯಾ?"

ಸುಕೇಶನ ಕೈ ಸೊಂಟದ ಬೀಗದಕೈಗೆ ಹೋಯಿತು.

"ಹಾಕುವವನಲ್ಲ ನೀನು. ನಾಲ್ಕೂವರೆಗೆ ನೀರು ಚೆನ್ನಾಗಿತ್ತು. ಐದಕ್ಕೆ ಎಣ್ಣೆ ತೇಲ್ತಿತ್ತು. ನೆಲದಿಂದ ಒಸರೋದು ಅರ್ಧ ಗಂಟೆಯಲ್ಲಿ ಹಾಗೆ ಬರಲ್ಲ. ಮೇಲಿಂದ ಸುರಿಯಬೇಕು. ಬೀಗ ತೆಗೆಯಬಲ್ಲವನು ಒಬ್ಬನೇ. ಮೊದಲು ದೇವರಿಗೆ ಒಂದು ಕೊಡ ಎತ್ತಿಟ್ಟೆ, ಆಮೇಲೆ ಸುರಿದೆ. ಹೌದೋ ಅಲ್ಲವೋ?"

ಸುಕೇಶ್ ಕಂಬಕ್ಕೆ ಒರಗಿದ. "ಜನರೇಟರಿನ ಡೀಸೆಲ್ಲು. ಎರಡು ಕ್ಯಾನು." ಅತ್ತೆಯ ಕಡೆ ನೋಡದೆ ಹೇಳಿದ: "ಮಗಳು ಪ್ರಣಮ್ಯಾ ಇಲ್ಲಿಯ ಹೊಗೆಯಲ್ಲಿ ಉಸಿರಿಗೆ ಒದ್ದಾಡುವುದು ನೀವು ನೋಡಿದ್ದೀರಿ. ಹೋಟೆಲನ್ನು ಪೋರೂರಿಗೆ ಸಾಗಿಸಿ ಅಲ್ಲಿಗೇ ಹೋಗುವ ಅಂತ ಎಷ್ಟು ಸಲ ಕೇಳಿದೆ ಅತ್ತೆ? ಬಾವಿ ಬಿಟ್ಟು ಬರುವುದಿಲ್ಲ ಅಂದಿರಿ. ಬಾವಿ ಹಾಳಾದರೆ ಬರ್ತೀರಿ, ಸಾಗಿಸುವ ಖರ್ಚು ವಿಮೆಯವರು ಕೊಡ್ತಾರೆ ಅಂದುಕೊಂಡೆ."

ರತ್ನಾವತಿಯಮ್ಮ ಅವನ ಕಡೆ ತಿರುಗಿದರು. "ಮಗು ಅಷ್ಟು ಕಷ್ಟದಲ್ಲಿದ್ದಾಳೆ ಅಂತ ನನ್ನ ಹತ್ತಿರ ಸರಿಯಾಗಿ ಕೂತು ಹೇಳಿದ್ದೀಯಾ ನೀನು? ವ್ಯಾಪಾರ ಜಾಸ್ತಿ ಆಗ್ತದೆ ಅಂತಲೇ ಹೇಳಿದ್ದು." ನಂತರ ರಮಾಬಾಯಿಗೆ: "ಇದ್ದದ್ದು ಇದ್ದ ಹಾಗೆ ಬರೆಯಿರಿ ಅಮ್ಮ."

"ಬರೀಲೇಬೇಕು. ಕಂಪನಿ ಒಂದು ಕಾಸೂ ಕೊಡಲ್ಲ. ಪೊಲೀಸರಿಗೆ ಹೇಳೋದು ಬಿಡೋದು ಅವರ ಕೈಲಿದೆ." ರಮಾಬಾಯಿ ಪೆನ್ನು ಕೆಳಗಿಟ್ಟರು. "ಅದಕ್ಕಿಂತ ಅವಸರದ್ದು ಒಂದಿದೆ. ಸುರಿದ ಎಣ್ಣೆ ಬಾವಿಯಲ್ಲೇ ಕೂತಿರಲ್ಲ. ಅರವಿಂದನ ಬೋರು ಎಷ್ಟು ಅಡಿ?"

"ಮೂವತ್ತು. ನಮ್ಮ ಬಾವಿಯಷ್ಟೇ ಆಳ," ಎಂದ ಸುಕೇಶ್. ಹೇಳುತ್ತಿದ್ದಂತೆಯೇ ಅವನ ಮುಖದ ಬಣ್ಣ ಇಳಿಯಿತು. ಅದನ್ನು ಅವನು ಯೋಚಿಸಿಯೇ ಇರಲಿಲ್ಲ.

"ಆ ಸಾಲಿನಲ್ಲಿ ಏಳು ಮನೆ," ಎಂದರು ರತ್ನಾವತಿಯಮ್ಮ. "ಸಂದೇಶನನ್ನು ಕಳಿಸುವುದಿಲ್ಲ. ಫೋನೂ ಬೇಡ. ಪ್ರತಿ ಮನೆಗೂ ನೀನೇ ಹೋಗು. ಮಾಡಿದ್ದು ಯಾರು ಅಂತ ಸೇರಿಸಿ ಹೇಳು."

ಸುಕೇಶ್ ಚಪ್ಪಲಿ ಮೆಟ್ಟದೆ ಹೊರಟ. ರಮಾಬಾಯಿ ಹಿಂದೆಯೇ ಗೇಟಿನವರೆಗೆ ನಡೆದರು. ಅರವಿಂದನ ಹೆಂಡತಿ ಬೋರಿನ ಕೈಪಂಪು ಒತ್ತಿ ಪ್ಲಾಸ್ಟಿಕ್ ಕೊಡ ತುಂಬಿಸುತ್ತಿದ್ದಳು.

"ಅಕ್ಕಾ, ಆ ನೀರು ಕುಡಿಯಬೇಡಿ," ಎಂದ ಸುಕೇಶ್ ತಮಿಳಿನಲ್ಲಿ.

ಅವಳು ಪಂಪಿನ ಹಿಡಿ ಬಿಟ್ಟು, ಯಾಕೆ ಎಂದು ಕೇಳಿದಳು.